ವೇಷ ಮತ್ತು ವಾಸ: ಲೇನನ ಕೈರೊ ಗ್ರಂಥವನ್ನು ಕುರಿತು

ಪ್ರವಾಸಗ್ರಂಥಗಳ ವಿಮರ್ಶೆಯಲ್ಲಿ ಒಂದು ಪ್ರಶಂಸಾವಾಕ್ಯ ಬಹುಕಾಲದಿಂದ ರೂಢಿಯಾಗಿ ಬಂದಿದೆ. ಗ್ರಂಥಕರ್ತನು ಪರಸ್ಥಳದಲ್ಲಿ ಅಲ್ಲಿಯವರಲ್ಲಿ ಒಬ್ಬನಾಗಿ ಬೆರೆತು ಬಾಳಿದನು. ಆದಕಾರಣ ಅವನ ಬರಹ ನಂಬತಕ್ಕದ್ದು ಎಂಬುದೇ ಆ ವಾಕ್ಯ. ನಮ್ಮ ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಲ್ಲಿ ಈ ಮಾತು ಎಷ್ಟು ಬಾರಿ ಕಣ್ಣಿಗೆ ಬಿದ್ದಿದೆಯೋ ಲೆಕ್ಕವಿಲ್ಲ. ಅವರಿಗೆ ಇದನ್ನು ಕಲಿಸಿದವರು ನಾವೇ ಎಂಬುದನ್ನೂ ಮರೆಮಾಚುವಂತಿಲ್ಲ. ಈ ವಾಕ್ಯದಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಒಂದಾಗಿ ಹೆಣೆದುಕೊಂಡಿವೆ. ಅಪರಿಚಿತ ನಗರವೊಂದರಲ್ಲಿ ಅಲ್ಲಿನ ಉಡುಗೆ ತೊಟ್ಟು, ಅಲ್ಲಿನ ಊಟ ಉಂಡು, ಅಲ್ಲಿನ ನುಡಿಯನ್ನಾಡುತ್ತ ಜನಸಂದಣಿಯಲ್ಲಿ ಗುರುತು ಸಿಕ್ಕದಂತೆ ನಡೆದಾಡುವುದು ಬೆರೆಯುವಿಕೆ. ಆ ನಗರದ ನೆರೆಹೊರೆಗೆ ಉತ್ತರ ಹೇಳಬೇಕಾದವನಾಗಿ ಇರುವುದು ಬಾಳುವಿಕೆ. ಮೊದಲನೆಯದು ಕೈಗೂಡಿದರೆ ಎರಡನೆಯದು ತಾನಾಗಿ ಒದಗುತ್ತದೆಂದು ಭಾವಿಸುವುದು ಸಾಧುವೇ? ಈ ಪ್ರಶ್ನೆಯನ್ನು ಎಡ್ವರ್ಡ್ ವಿಲಿಯಂ ಲೇನನ ಪ್ರಸಿದ್ಧ ಗ್ರಂಥವನ್ನು ಮುಂದಿಟ್ಟುಕೊಂಡು ಪರಿಶೀಲಿಸಲು ಇಲ್ಲಿ ಯತ್ನಿಸಿದ್ದೇವೆ. ಬೆರೆತು ಬಾಳಿದೆನೆಂಬ ಹಕ್ಕನ್ನು ಇಷ್ಟು ಬುದ್ಧಿಪೂರ್ವಕವಾಗಿ ಸ್ಥಾಪಿಸಿಕೊಂಡ ಗ್ರಂಥಗಳು ವಿರಳ.

ಲೇನನು 1801ರಲ್ಲಿ ಇಂಗ್ಲೆಂಡಿನ ಹೆರೆಫರ್ಡಿನಲ್ಲಿ ಜನಿಸಿ, ಲಂಡನ್ನಿನಲ್ಲಿ ಕೆತ್ತನೆಯ ಕೆಲಸ ಕಲಿತು, 1825ರ ಸೆಪ್ಟೆಂಬರಿನಲ್ಲಿ ಈಜಿಪ್ಟನ್ನು ಮುಟ್ಟಿದನು. 1828ರವರೆಗೆ ಅಲ್ಲಿದ್ದು, ದೇಶದ ವರ್ಣನೆಯನ್ನು ವಿಸ್ತಾರವಾಗಿ ಬರೆದನು. ಅದಕ್ಕೆ ಪ್ರಕಾಶಕರು ದೊರೆಯಲಿಲ್ಲ. (ಆ ಹಸ್ತಪ್ರತಿ ಕೈರೊವಿನಲ್ಲಿಯೇ ಅಚ್ಚಾದುದು 2000ದಲ್ಲಿ.) ಜನಜೀವನಕ್ಕೆ ಸಂಬಂಧಿಸಿದ ಭಾಗ ಮಾತ್ರ ಲಂಡನ್ನಿನ ಜ್ಞಾನಪ್ರಸಾರ ಸಂಸ್ಥೆಯೊಂದಕ್ಕೆ ಹಿಡಿಸಿತು. ಅದನ್ನು ತಿದ್ದಿ ಬೆಳೆಸುವುದಕ್ಕಾಗಿ ಅವನು 1833ರಿಂದ 1835ರವರೆಗೆ ಮತ್ತೆ ಕೈರೊವಿನಲ್ಲಿ ನೆಲೆಸಿದನು. ಆಧುನಿಕ ಈಜಿಪ್ಟಿನವರ ನಡೆನುಡಿಗಳ ವೃತ್ತಾಂತವೆಂದು ನಾವು ಕನ್ನಡದಲ್ಲಿ ಹೇಳಬಹುದಾದ ಗ್ರಂಥ 1836ರಲ್ಲಿ ಎರಡು ಸಂಪುಟಗಳಾಗಿ, ಲೇನನೇ ಬರೆದ ಚಿತ್ರಗಳೊಡನೆ ಹೊರಬಂದಿತು. ಅಂದಿನಿಂದ ಅದು ಅಚ್ಚಿನಲ್ಲಿ ಉಳಿದುಕೊಂಡೇ ಬಂದಿದೆಯೆಂದರೂ ಸಲ್ಲುತ್ತದೆ.

ಮುನ್ನುಡಿಯಲ್ಲಿಯೇ ಗ್ರಂಥಕರ್ತನು ತನ್ನ ಅಧಿಕಾರವನ್ನು ಸ್ಪಷ್ಟಪಡಿಸುತ್ತಾನೆ. ತಾನು ಬಹುಮಟ್ಟಿಗೆ ಮುಸಲ್ಮಾನರೊಡನೆಯೇ ಒಡನಾಡಿದೆನು; ಅವರಂತೆಯೇ ಬದುಕಿದೆನು; ಅವರಿಗೆ ನಿಷಿದ್ಧವಾದ ಆಹಾರವನ್ನೂ ಮದ್ಯವನ್ನೂ ಬಿಟ್ಟೆನು; ಊಟದಲ್ಲಿ ಚಾಕು ಮುಳ್ಳುಚಮಚಗಳ ಬಳಕೆಯಂತಹ, ಅವರಿಗೆ ಕೇವಲ ಇಷ್ಟವಾಗದ ಅಭ್ಯಾಸಗಳನ್ನು ಸಹ ತೊರೆದೆನು ಎಂದು ಹೇಳಿಕೊಳ್ಳುತ್ತಾನೆ. ಮನ್ಸೂರ್ ಎಫೆಂದಿ ಎಂದು ಹೆಸರಿಟ್ಟುಕೊಂಡನು. ಶೇಖ್ ಅಹಮದನೆಂಬ ಪುಸ್ತಕವ್ಯಾಪಾರಿ ಮಿತ್ರನೊಡನೆ ಹಸನೈನ್ ಮಸೀದಿಗೆ ಹೋಗಿ, ಅವನ ಪಕ್ಕದಲ್ಲಿ ನಿಂತು ನಮಾಜಿನ ವಿಧಿಗಳನ್ನು ಅನುಕರಿಸಿದನು.

ಇಲ್ಲಿ ಓದುಗರು ಸಾಮಾನ್ಯವಾಗಿ ಗಮನಿಸದ ಒಂದು ಅಂಶವಿದೆ. ಲೇನನು ತೊಟ್ಟ ಉಡುಪು ಕೈರೊವಿನ ಸಾಮಾನ್ಯ ನಾಗರಿಕನದಲ್ಲ, ತುರ್ಕಿಯವನದು. ಅಂದು ಈಜಿಪ್ಟು ಉಸ್ಮಾನೀ ಸಾಮ್ರಾಜ್ಯಕ್ಕೆ ಸೇರಿದ ಪ್ರಾಂತ. ಮಹಮ್ಮದ್ ಅಲಿಯ ಆಳ್ವಿಕೆಯಲ್ಲಿ ತುರ್ಕಿ ನುಡಿಯವರೇ ಅಧಿಕಾರವರ್ಗ. ಎಂದಮೇಲೆ ಬೀದಿಯವರ ಕಣ್ಣಿಗೆ ಲೇನನು ತಮ್ಮವನೊಬ್ಬನಾಗಿ ಕಂಡಿರಲಾರನು. ಪರಿಚಿತ ಜಾತಿಯ ಪರಕೀಯನಾಗಿ, ಮರ್ಯಾದೆಗೆ ಅರ್ಹನಾದ ಪರಕೀಯನಾಗಿ ಕಂಡಿರಬೇಕು. ಉಚ್ಚಾರಣೆಯಲ್ಲಿ ತಪ್ಪಿದರೆ ತುರ್ಕಿಯವನೆಂದು ಕ್ಷಮೆ. ದಾರಿಯಲ್ಲಿ ಎದುರಾದರೆ ತುರ್ಕಿಯವನೆಂದು ದಾರಿ. ಬೆರೆಯುವುದಕ್ಕೆಂದು ತೊಟ್ಟ ವೇಷವೇ ಅವನನ್ನು ಸುತ್ತಲಿನವರಿಂದ ಒಂದು ಮೆಟ್ಟಿಲು ಮೇಲೆ ನಿಲ್ಲಿಸಿತು. ಇದನ್ನು ದೋಷವೆಂದು ನಾವು ಎತ್ತಿ ಹೇಳುತ್ತಿಲ್ಲ. ಬೇರೆ ವೇಷ ಅವನಿಗೆ ಬಹುಶಃ ಸಾಧ್ಯವೂ ಇರಲಿಲ್ಲ. ಆದರೆ ಅವನು ಕಂಡ ಕೈರೊ, ಎಫೆಂದಿಯೊಬ್ಬನಿಗೆ ತನ್ನನ್ನು ತೋರಿಸಿಕೊಂಡ ಕೈರೊ ಎಂಬುದನ್ನು ಮರೆಯಲಾಗದು.

ಗ್ರಂಥದ ಅತ್ಯಂತ ಜೀವಂತವಾದ ಪುಟಗಳು ಬೇರೆಡೆ ಇವೆ. ಗೃಹಜೀವನವನ್ನು ಹೇಳುತ್ತ, ವಯಸ್ಸಿಗೆ ಬಂದ ಗಂಡಸು ಮದುವೆಯಾಗದಿರುವುದು ಆ ನಗರದಲ್ಲಿ ಅಪಕೀರ್ತಿಯ ವಿಷಯವೆಂದು ತಿಳಿಸುವಾಗ, ಲೇನನು ತನ್ನದೇ ಪಾಡನ್ನು ನಿದರ್ಶನವಾಗಿ ಕೊಡುತ್ತಾನೆ. ಮೊದಲ ಭೇಟಿಯಲ್ಲಿ ಮನೆಯೊಂದನ್ನು ಬಾಡಿಗೆಗೆ ಗೊತ್ತುಮಾಡಿಕೊಂಡಿದ್ದನು. ಒಂದೆರಡು ದಿನಗಳಲ್ಲಿಯೇ, ಆ ಕೇರಿಯವರು ಹೆಚ್ಚಾಗಿ ಪ್ರವಾದಿವಂಶದ ಶರೀಫರು, ಅವಿವಾಹಿತನೊಬ್ಬನು ತಮ್ಮ ನಡುವೆ ಇರುವುದನ್ನು ಒಪ್ಪರು ಎಂದು ತಿಳಿದುಬಂದಿತು. ಕಡೆಗೆ ಒಬ್ಬ ದಾಸಿಯನ್ನಾದರೂ ಕೊಂಡು ಇರಿಸಿಕೊಂಡರೆ ಅಭ್ಯಂತರವಿಲ್ಲವಂತೆ. ಬೇಗನೆ ದೇಶ ಬಿಟ್ಟು ಹೋಗತಕ್ಕವನು ತಾನೆಂದು ಹೇಳಿ ಲೇನನು ನಿರಾಕರಿಸಿದನು, ಮನೆ ಕೈತಪ್ಪಿತು. ಇನ್ನೊಂದು ಬೀದಿಯಲ್ಲಿ ಮನೆ ದೊರೆಯಿತು, ಆದರೆ ಒಂದು ಷರತ್ತಿನ ಮೇಲೆ: ಹ್ಯಾಟು ಧರಿಸಿದ ಯಾರೂ ಅವನನ್ನು ನೋಡಲೆಂದು ಆ ಕೇರಿಗೆ ಬರಕೂಡದು. ಅವನು ಮಾತುಕೊಟ್ಟು ಒಳಹೊಕ್ಕನು. ಅಷ್ಟಕ್ಕೆ ಮುಗಿಯಲಿಲ್ಲ. ಕೇರಿಯ ಶೇಖನು ಮತ್ತೆ ಮತ್ತೆ ಬಂದು ಮದುವೆಯಾಗೆಂದು ಒತ್ತಾಯಿಸಿದನು. ಹತ್ತಿರದಲ್ಲಿಯೇ ಒಬ್ಬಳು ತರುಣ ವಿಧವೆ ಇದ್ದಾಳೆ, ಊರಿಗೆ ಹೊರಡುವಾಗ ವಿಚ್ಛೇದನ ಕೊಟ್ಟು ಹೋಗಬಹುದು ಎಂದು ದಾರಿ ತೋರಿಸಿದನು. ಆಕೆಯೂ ತನ್ನ ಮುಖ ಇವನ ಕಣ್ಣಿಗೆ ಬೀಳುವಂತೆ ತಾನೇ ಉಪಾಯಮಾಡಿದ್ದಳು. ಅಂತಹ ಮುಖವನ್ನು ಕಂಡಮೇಲೆ ಬಿಟ್ಟುಹೋಗುವುದು ಕಷ್ಟವಾದೀತು, ಅದೇ ಕಾರಣದಿಂದ ಮದುವೆ ಬೇಡ ಎಂದು ಲೇನನು ನಯವಾಗಿ ಜಾರಿಕೊಂಡನು.

ಕೈರೊವಿನ ಹಳೆಯ ಕೇರಿಗೆ ಅಂದು ಬಾಗಿಲುಗಳಿದ್ದವು, ರಾತ್ರಿ ಅವು ಮುಚ್ಚುತ್ತಿದ್ದವು, ಒಳಗೆ ಕಾವಲುಗಾರನಿರುತ್ತಿದ್ದನು. ಲೇನನೇ ಅದನ್ನೆಲ್ಲ ವರ್ಣಿಸಿದ್ದಾನೆ. ಬೀದಿಯವರ ದೃಷ್ಟಿ ಅಂಗಳಕ್ಕೆ ಬೀಳದಂತೆ ಮನೆಯ ಹಾದಿಯನ್ನು ಬಾಗಿಸಿ ಕಟ್ಟುವುದನ್ನೂ, ಕಡೆದ ಮರದ ಜಾಲಂಧ್ರಗಳನ್ನೂ ಕೆತ್ತನೆಗಾರನ ನಿಷ್ಕೃಷ್ಟತೆಯಿಂದ ಬರೆದು ತೋರಿಸಿದ್ದಾನೆ. ಆದರೆ ಆ ಬಾಗಿಲುಗಳ ಅರ್ಥ ನಮಗೆ ತಿಳಿಯುವುದು ಈ ಬಾಡಿಗೆಯ ಪ್ರಸಂಗದಲ್ಲಿ. ಇಲ್ಲಿ ನೋಡುವವನು ಲೇನನಲ್ಲ, ಕೇರಿ. ಅದು ಅವನನ್ನು ಪರೀಕ್ಷಿಸುತ್ತದೆ, ತೂಗುತ್ತದೆ, ಷರತ್ತು ಹಾಕುತ್ತದೆ. ಅವನು ಯಾರೆಂಬುದು ಕೇರಿಗೆ ಗೊತ್ತು. ಇಲ್ಲದಿದ್ದರೆ ಹ್ಯಾಟಿನ ಮಾತು ಏಕೆ ಬಂದೀತು? ವೇಷದಿಂದ ಯಾರೂ ಮೋಸಹೋಗಿರಲಿಲ್ಲ. ಮೋಸಹೋಗದೆಯೇ ಅವರು ಅವನನ್ನು ಇರಿಸಿಕೊಂಡರು. ಇರಿಸಿಕೊಂಡಮೇಲೆ ನೆರೆಯವನಿಂದ ಕೇಳತಕ್ಕದ್ದನ್ನು ಕೇಳಿದರು.

ಎಡ್ವರ್ಡ್ ಸೈದನು 1978ರ ತನ್ನ 'ಓರಿಯಂಟಲಿಸಂ' ಗ್ರಂಥದಲ್ಲಿ ಇದೇ ಪ್ರಸಂಗವನ್ನು ಎತ್ತಿಕೊಂಡು ಲೇನನನ್ನು ತೀವ್ರವಾಗಿ ಟೀಕಿಸಿದ್ದಾನೆ. ಮದುವೆಯ ನಿರಾಕರಣೆಯೆಂದರೆ ಆ ಸಮಾಜದೊಳಕ್ಕೆ ಪೂರ್ಣವಾಗಿ ಸೇರಲು ನಿರಾಕರಣೆ; ಒಳಗಿದ್ದಂತೆ ನಟಿಸುತ್ತ ಹೊರಗೆ ಉಳಿದುಕೊಂಡುದರಿಂದಲೇ ಅವನಿಗೆ ವರದಿಗಾರನ ಅಧಿಕಾರ ಪ್ರಾಪ್ತವಾಯಿತು; ಮಿತ್ರನ ಪಕ್ಕದ ಆ ನಮಾಜಿನಲ್ಲಿ ವಂಚನೆಯ ಅಂಶವಿದೆ ಎಂಬುದು ಸೈದನ ವಾದದ ಸಾರ. ಇದನ್ನು ತಳ್ಳಿಹಾಕಲು ಬರುವಂತಿಲ್ಲ. ಗ್ರಂಥ ಮುಚ್ಚಿಟ್ಟ ಒಂದು ಸಂಗತಿ ಅದಕ್ಕೆ ಇನ್ನಷ್ಟು ಬಲ ಕೊಡುತ್ತದೆ. ಬಾಲ್ಯದಲ್ಲಿಯೇ ದಾಸ್ಯಕ್ಕೆ ಸಿಕ್ಕಿ ಕೈರೊವಿಗೆ ಬಂದಿದ್ದ ಗ್ರೀಕ್ ಮೂಲದ ನಫೀಸಾ ಎಂಬಾಕೆ ಲೇನನ ಆಶ್ರಯದಲ್ಲಿ ಬೆಳೆದವಳು. 1840ರಲ್ಲಿ ಅವನ ಪತ್ನಿಯಾದವಳು. ಗ್ರಂಥದಲ್ಲಿ ಆಕೆಯ ಸುಳಿವಿಲ್ಲ. ದಾಸಿಯೂ ಬೇಡ, ಪತ್ನಿಯೂ ಬೇಡ ಎಂದ ನಿರ್ಲಿಪ್ತ ವೀಕ್ಷಕನ ಚಿತ್ರವನ್ನು ಓದುವಾಗ ಇದು ನೆನಪಿನಲ್ಲಿರಬೇಕು.

ಆದರೂ ಸೈದನು ಲೇನನ ಇಚ್ಛೆಯನ್ನು ಮಾತ್ರ ಓದಿದ್ದಾನೆ, ಪುಟವನ್ನು ಪೂರ್ತಿ ಓದಿಲ್ಲವೆಂದು ನಮಗೆ ತೋರುತ್ತದೆ. ಹೊರಗೆ ಉಳಿಯಬೇಕೆಂದಿದ್ದವನು ತನ್ನನ್ನು ಪೇಚಿಗೆ ಸಿಕ್ಕಿಸಿದ ಶೇಖನನ್ನು ಅಷ್ಟು ಸವಿವರವಾಗಿ ಉಳಿಸಬೇಕಾಗಿರಲಿಲ್ಲ. ಲೇಖಕನ ಯೋಜನೆಯನ್ನು ಮೀರಿ ಕೇರಿ ಅವನ ಗ್ರಂಥದೊಳಕ್ಕೆ ನುಗ್ಗಿ ಮಾತನಾಡಿದೆ. ಅವನ ಯೋಜನೆಯೋ, ಶೈಶವದಿಂದ ತೊಡಗಿ ಶವಸಂಸ್ಕಾರದವರೆಗೆ ಅಧ್ಯಾಯಗಳನ್ನು ಜೋಡಿಸಿ, ಈಜಿಪ್ಟಿನವರು ಹೀಗೆ ಮಾಡುತ್ತಾರೆ, ಹಾಗೆ ಮಾಡುತ್ತಾರೆ ಎಂದು ನಿತ್ಯವರ್ತಮಾನದಲ್ಲಿ ಹೇಳಿಕೊಂಡು ಹೋಗುವುದು. ಆ ಭಾಗಗಳು ನಿಘಂಟಿನಂತೆ ಉಪಯುಕ್ತ, ನಿಘಂಟಿನಂತೆಯೇ ನೀರಸ. ಕಿವಿಗೊಟ್ಟು ಕೇಳಿದ ಕಡೆ ಅವನು ಬೇರೆಯೇ ಆಗುತ್ತಾನೆ. ಬೀದಿಯಲ್ಲಿ ಮಾರುವವರ ಕೂಗುಗಳನ್ನು ಒಂದೊಂದಾಗಿ ಬರೆದಿಟ್ಟಿದ್ದಾನೆ. ನೀರು ಮಾರುವವನು ದೇವರಿಂದ ಪ್ರತಿಫಲ ಬೇಡುತ್ತ ಕೂಗುವುದು ಅವುಗಳಲ್ಲೊಂದು. ಕಾಫಿ ಅಂಗಡಿಗಳಲ್ಲಿ ಅಬೂ ಜೈದನ ಕಥೆ ಹೇಳುವವರು ನಗರದಲ್ಲಿ ಸುಮಾರು 50 ಮಂದಿ, ಸುಲ್ತಾನ್ ಜಾಹಿರನ ಕಥೆಯವರು 30, ಅಂತರನ ಕಥೆಯವರು ಕೇವಲ 6 ಎಂದು ಎಣಿಸಿದ್ದಾನೆ. ನಮ್ಮ ಗಮಕಿಗಳನ್ನು ಈ ರೀತಿ ಊರೂರಿಗೆ ಎಣಿಸಿಟ್ಟ ಪುಣ್ಯಾತ್ಮರು ಅದೇ ಕಾಲದಲ್ಲಿ ಇದ್ದಿದ್ದರೆ ಎಂದು ಆಸೆಯಾಗುತ್ತದೆ.

ಲೇನನಿಗೆ ಮುಚ್ಚಿದ್ದ ಅರ್ಧ ನಗರವಿತ್ತು. 1842ರಲ್ಲಿ ಅವನು ಮೂರನೆಯ ಬಾರಿ ಬಂದಾಗ ಜೊತೆಯಲ್ಲಿ ತಂಗಿ ಸೊಫಿಯಾ ಪೂಲ್ ಇದ್ದಳು. ಅಂತಃಪುರಗಳನ್ನೂ ಸ್ತ್ರೀಯರ ಸ್ನಾನಗೃಹಗಳನ್ನೂ ಹೊಕ್ಕು ಆಕೆ ಬರೆದ ಪತ್ರಗಳು 1844ರಿಂದ ಪ್ರಕಟವಾದವು. ಅಣ್ಣನ ಟಿಪ್ಪಣಿಗಳಿಂದ ಎತ್ತಿಕೊಂಡ ಭಾಗಗಳು ಅವುಗಳಲ್ಲಿ ಸಾಕಷ್ಟಿದ್ದು, ಅವೇ ಅತ್ಯಂತ ಸಪ್ಪೆಯಾದವು. ಬಾಡಿಗೆಗೆ ಹಿಡಿದ ಮನೆಯಲ್ಲಿ ಪಿಶಾಚಿಯಿದೆಯೆಂದು ಆಳುಗಳು ನಿಲ್ಲದೆ ಓಡಿಹೋಗಿ, ಕೊನೆಗೆ ಮನೆಯನ್ನೇ ಬಿಡಬೇಕಾಗಿ ಬಂದ ಕಥೆಯಾದರೋ ಆಕೆಯ ಸ್ವಂತದ್ದು. ಮತ್ತೆ ಬಾಡಿಗೆ ಮನೆ! ಅಣ್ಣತಂಗಿಯರಿಬ್ಬರಲ್ಲಿಯೂ ನಗರ ನಿಜವಾಗಿ ತೆರೆದುಕೊಳ್ಳುವುದು ಗೃಹಕೃತ್ಯದ ತೊಂದರೆಗಳ ಮೂಲಕ.

ಇಷ್ಟಾದರೂ, 'ಅಲ್ಲಿಯವರಂತೆ' ಎಂದಾಗ ಅಲ್ಲಿಯ ಯಾರಂತೆ ಎಂಬ ಪ್ರಶ್ನೆ ಉಳಿದೇ ಇದೆ. ಇದಕ್ಕೆ ಉತ್ತರವನ್ನು ಪ್ರವಾಸಿಗಳಿಂದ ನಿರೀಕ್ಷಿಸುವುದಕ್ಕಿಂತ ಕೈರೊವಿನಲ್ಲಿಯೇ ಹುಟ್ಟಿ ಬೆಳೆದ ನಗೀಬ್ ಮಹ್‌ಫೂಜನಿಂದ ಕೇಳುವುದು ಮೇಲು. 1956–57ರಲ್ಲಿ ಹೊರಬಂದ ಅವನ ಕಾದಂಬರಿತ್ರಯದ ಮೂರು ಭಾಗಗಳಿಗೂ ಹಳೆಯ ಕೈರೊವಿನ ಸ್ಥಳಗಳದೇ ಹೆಸರು. ಮೊದಲನೆಯದರಲ್ಲಿ ಅಮೀನಾ ಎಂಬ ಗೃಹಿಣಿ ಬರುತ್ತಾಳೆ. ಮದುವೆಯಾದಂದಿನಿಂದ ಅದೇ ಬೀದಿಯಲ್ಲಿದ್ದರೂ ಆಕೆಗೆ ನಗರವೆಂದರೆ ಜಾಲಂಧ್ರದ ಸಂದಿನಿಂದ ಕಂಡಷ್ಟು, ಮಾಳಿಗೆಯ ಮೇಲಿನಿಂದ ಕಂಡ ಮಿನಾರುಗಳಷ್ಟು. ಹತ್ತಿರದಲ್ಲಿಯೇ ಇರುವ ಹುಸೇನ್ ಮಸೀದಿಗೆ ಹೋಗಬೇಕೆಂಬುದು ಆಕೆಯ ಜೀವಮಾನದ ಹಂಬಲ. ಗಂಡ ಪರಸ್ಥಳಕ್ಕೆ ಹೋದಾಗ ಕಿರಿಯ ಮಗನ ಕೈಹಿಡಿದು ಹೊರಡುತ್ತಾಳೆ; ದರ್ಶನವೂ ಆಗುತ್ತದೆ. ಹಿಂದಿರುಗುವ ದಾರಿಯಲ್ಲಿ ಮೋಟಾರು ತಗಲಿ ಎಲುಬು ಮುರಿಯುತ್ತದೆ. ಗುಣವಾದಮೇಲೆ ಗಂಡ ಅವಳನ್ನು ತವರಿಗೆ ಅಟ್ಟುತ್ತಾನೆ. ಲೇನನು ಹಸನೈನ್ ಎಂದು ಕರೆದು, ಮಿತ್ರನ ಪಕ್ಕದಲ್ಲಿ ನಿಂತು ಪ್ರಾರ್ಥನೆಯನ್ನು ಅನುಕರಿಸಿದುದು ಇದೇ ಸನ್ನಿಧಿಯಲ್ಲಿ. ವೇಷ ತೊಟ್ಟ ಪರಕೀಯನಿಗೆ ಅದು ಒಂದು ಮಧ್ಯಾಹ್ನದ ಅನುಭವ. ಅಲ್ಲಿಯೇ ಬಾಳಿದ ಭಕ್ತೆಗೆ ಅದರ ಬೆಲೆ ಅವಳ ಮನೆ. ಇಬ್ಬರಲ್ಲಿ ಕೈರೊವನ್ನು ಹೆಚ್ಚು ಕಂಡವರು ಯಾರೆಂದರೆ ಲೇನನೆಂದು ಹೇಳಲೇಬೇಕು. ಹೆಚ್ಚು ಕಾಣುವುದಕ್ಕೂ ನಿವಾಸಿಯಂತೆ ಕಾಣುವುದಕ್ಕೂ ಎಷ್ಟು ಅಂತರವಿದೆಯೆಂಬುದನ್ನು ಅಮೀನಾ ತಿಳಿಸಿಕೊಡುತ್ತಾಳೆ.

1835ರಲ್ಲಿ ಕೈರೊವಿಗೆ ಪ್ಲೇಗು ಬಂದಿತು. ನಗರದ ಜನಸಂಖ್ಯೆ ಸುಮಾರು 2,40,000 ಎಂದು ಬರೆದಿದ್ದ ಲೇನನು, ಅದರಲ್ಲಿ ಮೂರನೆಯ ಒಂದು ಭಾಗಕ್ಕೆ ಕಡಮೆಯಿಲ್ಲದಷ್ಟು ಜನ ಆ ಮಾರಿಗೆ ತುತ್ತಾದರೆಂದು ಸೇರಿಸಿದ್ದಾನೆ. ಆ ತಿಂಗಳುಗಳಲ್ಲಿ ಅವನು ನಗರದಲ್ಲಿರಲಿಲ್ಲ. ಫ್ರೆಸ್ನೆಲ್ ಎಂಬ ಫ್ರೆಂಚ್ ವಿದ್ವಾಂಸನೊಡನೆ ನೈಲ್ ನದಿಯ ಮೇಲ್ದಾರಿಯಲ್ಲಿ ಥೀಬ್ಸಿಗೆ ಹೋಗಿದ್ದನು. ಯಾರಾದರೂ ಹಾಗೆಯೇ ಮಾಡುತ್ತಿದ್ದರು, ನಾವೂ ಮಾಡುತ್ತಿದ್ದೆವು. ಹೋಗಲು ಸಾಧ್ಯವಿದ್ದವರು ಎಂಬುದಷ್ಟೆ ಮುಖ್ಯ. ಕೇರಿಯ ಆ ಶೇಖನಿಗೂ ತರುಣ ವಿಧವೆಗೂ ಏನಾಯಿತೆಂಬುದು ಗ್ರಂಥದಿಂದ ತಿಳಿಯುವಂತಿಲ್ಲ.

ದೇಶ ಸುತ್ತು, ಕೋಶ ಓದು ಎನ್ನುತ್ತೇವೆ. ಲೇನನು ದೇಶ ಸುತ್ತುವುದನ್ನು ನಿಲ್ಲಿಸಿ ಕೋಶ ಬರೆಯಲು ಕುಳಿತನು. 1842ರಿಂದ 1849ರವರೆಗಿನ ಮೂರನೆಯ ವಾಸದಲ್ಲಿ ಅವನು ಬೀದಿಗೆ ಹೊರಟದ್ದೇ ಅಪೂರ್ವ. ಅರಬ್ಬೀ ಪಂಡಿತ ಶೇಖ್ ಇಬ್ರಾಹಿಂ ಅಲ್‌ ದಸೂಕಿಯೊಡನೆ ಕುಳಿತು 'ತಾಜ್ ಅಲ್ ಅರೂಸ್' ಎಂಬ ಮಹಾಕೋಶವನ್ನು ಪ್ರತಿಮಾಡಿಸಿ ಓದುತ್ತ ವರ್ಷಗಳನ್ನು ಕಳೆದನು. ಅವನ ಅರಬ್ಬೀ-ಇಂಗ್ಲಿಷ್ ನಿಘಂಟಿನ ಮೊದಲ ಭಾಗ 1863ರಲ್ಲಿ ಹೊರಬಂದು, ಉಳಿದುದು ಅವನು 1876ರಲ್ಲಿ ಮಡಿದಮೇಲೆ, 1893ರ ವೇಳೆಗೆ ಮುಗಿಯಿತು. ಆ ಜೊತೆ ಓದನ್ನು ಕುರಿತು ದಸೂಕಿ ತಾನೇ ಬರೆದ ವೃತ್ತಾಂತ, ಅಲಿ ಮುಬಾರಕನ ಈಜಿಪ್ಟ್ ವರ್ಣನೆಯ ಬೃಹದ್ಗ್ರಂಥದಲ್ಲಿ ಉಳಿದುಕೊಂಡಿದೆ. ಅಲ್ಲಿ ವರ್ಣಿತನಾಗುವವನು ಲೇನ್, ಬರೆಯುವವನು ಕೈರೊವಿನವನು. ಲೇನನ ಗ್ರಂಥವನ್ನು ಪಾಠಕ್ಕೆ ಇಡುವ ಅಧ್ಯಾಪಕರು ಇದನ್ನೂ ಅದರೊಡನೆ ಓದಿಸುವುದು ಯುಕ್ತ.