ವಾದನಾಟಕದಲ್ಲಿ ಪೂರ್ವಪಕ್ಷದ ಸ್ಥಾನ

ಒಂದು ವಿಷಯವನ್ನು ಹಿಡಿದು ಇಬ್ಬರು ಪಕ್ಷ ಪ್ರತಿಪಕ್ಷಗಳಾಗಿ ಆಡುವ ಮಾತಿಗೆ ನ್ಯಾಯಶಾಸ್ತ್ರದಲ್ಲಿ ಕಥೆಯೆಂದು ಹೆಸರು. ಅದು ವಾದ, ಜಲ್ಪ, ವಿತಂಡೆಯೆಂದು ಮೂರು ವಿಧ. ತತ್ತ್ವವನ್ನರಿಯಲು ನಡೆಯುವುದು ವಾದ. ಗೆಲ್ಲುವುದಕ್ಕಾಗಿಯೇ ನಡೆದು ಛಲ ಜಾತಿಗಳನ್ನೂ ಆಶ್ರಯಿಸುವುದು ಜಲ್ಪ. ತನ್ನದೆಂಬ ಪಕ್ಷವನ್ನೇ ಇಡದೆ ಎದುರಿನವನದನ್ನು ಕೆಡಹುವುದು ವಿತಂಡೆ. ನ್ಯಾಯಸ್ಥಾನವನ್ನು ರಂಗಕ್ಕೆ ತಂದ ನಾಟಕಗಳನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲನ್ನು ನಾವು ಕಾಣೆವು. ಒಂಬತ್ತನೆಯ ಶತಮಾನದ ಕಾಶ್ಮೀರದ ನೈಯಾಯಿಕನಾದ ಜಯಂತಭಟ್ಟನು ತನ್ನ ‘ಆಗಮಡಂಬರ’ದಲ್ಲಿ ಬೌದ್ಧ, ಜೈನ, ಚಾರ್ವಾಕರನ್ನು ರಂಗಕ್ಕೆ ಕರೆದು ಮಾತನಾಡಿಸಿರುವನು. ಪರಿಹಾಸವನ್ನು ಬಿಡಲಿಲ್ಲ, ನಿಜ. ಆದರೆ ಬೌದ್ಧನ ಕ್ಷಣಿಕವಾದವನ್ನು ಬೌದ್ಧನ ಬಾಯಿಂದಲೇ ಹೇಳಿಸಿ ಅನಂತರ ಖಂಡಿಸಿರುವನು.

ಈ ಮಾತು ನೆನಪಿಗೆ ಬಂದುದು ಒಂದು ಅಮೆರಿಕನ್ ನಾಟಕದ ದೂರದರ್ಶನರೂಪವನ್ನು ಕಂಡ ಮೇಲೆ. ಮಳೆಗಾಲದಲ್ಲಿ ಊರಿಗೆ ಬಂದಿದ್ದ ತಮ್ಮನ ಮಗನು ಹೆಗಡೆಕಟ್ಟಾದ ನಮ್ಮ ಮನೆಯ ಜಗಲಿಯಲ್ಲಿ ಇದನ್ನು ತೋರಿಸಿದನು. ನಾಟಕದ ಹೆಸರು ‘ಇನ್‌ಹೆರಿಟ್ ದಿ ವಿಂಡ್’. ಗಾಳಿಯನ್ನೇ ಪಿತ್ರಾರ್ಜಿತವಾಗಿ ಪಡೆಯುವುದೆಂದು ತಾತ್ಪರ್ಯ. ಜೆರೋಮ್ ಲಾರೆನ್ಸ್ ಮತ್ತು ರಾಬರ್ಟ್ ಲೀ ಎಂಬಿಬ್ಬರು ಬರೆದ ಇದು 1955ರಲ್ಲಿ ರಂಗವನ್ನೇರಿತು, 1960ರಲ್ಲಿ ಚಲಚ್ಚಿತ್ರವಾಯಿತು, 1965, 1988 ಮತ್ತು 1999ರಲ್ಲಿ ದೂರದರ್ಶನಕ್ಕಾಗಿ ಮತ್ತೆ ಮತ್ತೆ ನಿರ್ಮಿತವಾಯಿತು. ನಾವು ಕಂಡುದು ಡೇನಿಯಲ್ ಪೆಟ್ರಿಯು ನಿರ್ದೇಶಿಸಿದ ಕಡೆಯದನ್ನು.

ಕಥಾವಸ್ತುವಿಗೆ ಆಧಾರವು 1925ರ ಜುಲೈ ತಿಂಗಳಿನಲ್ಲಿ ಟೆನೆಸಿ ಸಂಸ್ಥಾನದ ಡೇಟನ್ ಎಂಬ ಸಣ್ಣ ಊರಿನಲ್ಲಿ ನಡೆದ ಮೊಕದ್ದಮೆ. ಮನುಷ್ಯನು ಕೆಳಗಿನ ಪ್ರಾಣಿವರ್ಗದಿಂದ ಬಂದವನೆಂದು ಸರಕಾರಿ ಶಾಲೆಯಲ್ಲಿ ಕಲಿಸಬಾರದೆಂದು ಆ ಸಂಸ್ಥಾನವು ಕಾನೂನು ಮಾಡಿತ್ತು. ಜಾನ್ ಸ್ಕೋಪ್ಸ್ ಎಂಬ ತರುಣ ಉಪಾಧ್ಯಾಯನು ಅದನ್ನು ಮೀರಿದನೆಂದು ಆರೋಪ. ಕಾನೂನಿನ ಪರವಾಗಿ ವಿಲಿಯಂ ಜೆನ್ನಿಂಗ್ಸ್ ಬ್ರಯನ್, ಉಪಾಧ್ಯಾಯನ ಪರವಾಗಿ ಕ್ಲಾರೆನ್ಸ್ ಡಾರೋ. ನೂರು ಡಾಲರು ದಂಡವಾಯಿತು. 1927ರಲ್ಲಿ ಮೇಲಿನ ನ್ಯಾಯಾಲಯವು ಕ್ರಮದೋಷದ ನೆವದಿಂದ ಆ ತೀರ್ಪನ್ನು ತೆಗೆದುಹಾಕಿತು. ಕಾನೂನು ಮಾತ್ರ 1967ರ ವರೆಗೂ ಉಳಿಯಿತು. ನಾಟಕದಲ್ಲಿ ಬ್ರಯನನು ಬ್ರೇಡಿಯಾಗಿಯೂ ಡಾರೋ ಡ್ರಮ್ಮಂಡನಾಗಿಯೂ ಸ್ಕೋಪ್ಸನು ಕೇಟ್ಸನಾಗಿಯೂ ಹೆಸರು ಬದಲಿಸಿಕೊಂಡಿರುವರು.

1999ರ ರೂಪದಲ್ಲಿ ಡ್ರಮ್ಮಂಡನ ಪಾತ್ರವನ್ನು ಜಾಕ್ ಲೆಮನ್ನನೂ ಬ್ರೇಡಿಯ ಪಾತ್ರವನ್ನು ಜಾರ್ಜ್ ಸ್ಕಾಟನೂ ವಹಿಸಿರುವರು. ಲೆಮನ್ನನು ಹುಟ್ಟಿದುದು ಮೊಕದ್ದಮೆ ನಡೆದ 1925ರಲ್ಲಿಯೇ ಎಂಬುದು ಕಾಕತಾಳೀಯ. ಸ್ಕಾಟನ ವಿಷಯವು ಹಾಗಲ್ಲ. ಅವನು ಮೂರೇ ವರ್ಷಗಳ ಹಿಂದೆ, 1996ರಲ್ಲಿ, ನ್ಯೂಯಾರ್ಕಿನ ರಂಗದಲ್ಲಿ ಇದೇ ನಾಟಕದ ಡ್ರಮ್ಮಂಡನಾಗಿದ್ದನು. ಒಂದು ಪಕ್ಷವನ್ನು ಸಾಧಿಸಿದ ಬಾಯಿಂದಲೇ ಈಗ ಪ್ರತಿಪಕ್ಷ! ಪಾಶ್ಚಾತ್ಯ ವಿಮರ್ಶಕರಿಗೆ ಇದು ಕುತೂಹಲದ ಸಂಗತಿಯಾಗಿರಬಹುದು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ತಾಳಮದ್ದಲೆಯನ್ನು ಬಲ್ಲವರಿಗೆ ಇದು ನಿತ್ಯದ ರೂಢಿ. ಇಂದು ರಾಮನ ಅರ್ಥವನ್ನು ಹೇಳಿದವನು ಮುಂದಿನ ವಾರ ಅದೇ ಊರಿನಲ್ಲಿ ವಾಲಿಯಾಗುವನು. ಮರೆಯಲ್ಲಿ ನಿಂತು ಹೊಡೆದುದು ಯಾವ ಕ್ಷಾತ್ರಧರ್ಮವೆಂದು ಅವನು ಕೇಳತೊಡಗಿದರೆ, ತಾನೇ ಎಂಟು ದಿನಗಳ ಹಿಂದೆ ಕೊಟ್ಟ ಉತ್ತರವು ಸಾಲದೆಂದು ತೋರಿಸುವನು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರು ರಾಮನ ಭಕ್ತಿಯನ್ನು ಕಳೆದುಕೊಂಡು ಮನೆಗೆ ಹೋಗಲಿಲ್ಲ; ಆದರೆ ರಾಮನು ಸುಲಭವಾಗಿ ಗೆದ್ದನೆಂಬ ಭ್ರಮೆಯನ್ನು ಅಲ್ಲಿಯೇ ಬಿಟ್ಟು ಹೋದರು. ಯಾವ ಪ್ರಸಂಗದಲ್ಲಿ ಎದುರು ಪಾತ್ರವನ್ನು ದೊಡ್ಡ ಅರ್ಥಧಾರಿಯು ತಾನಾಗಿ ಕೇಳಿ ತೆಗೆದುಕೊಳ್ಳುವುದಿಲ್ಲವೋ ಆ ಪ್ರಸಂಗವು ದುರ್ಬಲವೆಂದೇ ತಿಳಿಯತಕ್ಕದ್ದು.

ಹಾಗಾದರೆ ಬ್ರೇಡಿಯ ಪಾತ್ರದಲ್ಲಿ ಸತ್ತ್ವವೆಷ್ಟು? ಇಲ್ಲಿಯೇ ನಮ್ಮ ಆಕ್ಷೇಪ. ನಾಟಕದ ಶಿಖರಭಾಗವು ಪಾಟೀಸವಾಲು. ಡ್ರಮ್ಮಂಡನು ಎದುರು ವಕೀಲನನ್ನೇ ಸಾಕ್ಷಿಯ ಕಟ್ಟೆಗೆ ಕರೆದು, ಸೂರ್ಯನು ಹುಟ್ಟುವುದಕ್ಕೆ ಮೊದಲಿನ ದಿನವು ಎಷ್ಟು ತಾಸಿನದೆಂದು ಕೇಳುತ್ತ ಕೇಳುತ್ತ, ಅದು ಇಪ್ಪತ್ತನಾಲ್ಕಕ್ಕಿಂತ ಹೆಚ್ಚಾಗಿದ್ದಿರಬಹುದೆಂಬ ಒಪ್ಪಿಗೆಯನ್ನು ಕಿತ್ತುಕೊಳ್ಳುವನು. ಅಲ್ಲಿಗೆ ಬ್ರೇಡಿಯ ಪತನ. ನೈಯಾಯಿಕನು ಇದನ್ನು ನಿಗ್ರಹಸ್ಥಾನವೆಂದು ಕರೆಯುವನು. ಆದರೆ 1925ರ ಜುಲೈ 20ರಂದು, ಸೆಕೆಯ ಕಾರಣ ನ್ಯಾಯಾಲಯದ ಹೊರಗಿನ ಹುಲ್ಲಂಗಳದಲ್ಲಿ ನಡೆದ ನಿಜವಾದ ವಿಚಾರಣೆಯಲ್ಲಿ ಬ್ರಯನನು ಆ ದಿನಗಳು ಇಪ್ಪತ್ತನಾಲ್ಕು ತಾಸಿನವೇ ಆಗಬೇಕಿಲ್ಲವೆಂಬುದನ್ನು ತನ್ನ ಮತವಾಗಿಯೇ ಹೇಳಿದನು. ಪ್ರತಿವಾದಿಯು ತಾನೇ ಅಂಗೀಕರಿಸಿದ ಅರ್ಥವನ್ನು ಅವನ ಸೋಲಾಗಿ ಚಿತ್ರಿಸಿದುದು ಛಲವಲ್ಲದೆ ಮತ್ತೇನು?

ಇದಕ್ಕಿಂತ ದೊಡ್ಡ ಲೋಪವು ಬೇರೊಂದಿದೆ. ಆ ಶಾಲೆಯ ಪಠ್ಯಪುಸ್ತಕವು 1914ರಲ್ಲಿ ಅಚ್ಚಾದ ಹಂಟರನ ‘ಸಿವಿಕ್ ಬಯಾಲಜಿ’. ಅದರಲ್ಲಿ ಜೀವವಿಕಾಸದ ಪಾಠದ ಜೊತೆಯಲ್ಲಿಯೇ ಮನುಷ್ಯಕುಲವನ್ನು ಐದು ಜಾತಿಗಳಾಗಿ ಒಡೆದು ಯೂರೋಪು ಅಮೆರಿಕಗಳ ಬಿಳಿಯರನ್ನು ಎಲ್ಲರಿಗಿಂತ ಮೇಲೆ ಕೂರಿಸಿದೆ. ಕೆಲವು ದುರ್ಬಲ ಕುಟುಂಬಗಳನ್ನು ಸಮಾಜದ ಪರೋಪಜೀವಿಗಳೆಂದು ಕರೆದಿದೆ. ಬಲಿಷ್ಠರು ದುರ್ಬಲರನ್ನು ತುಳಿಯುವುದಕ್ಕೆ ಈ ವಾದವು ನೆಪವಾಗುವುದೆಂಬ ಭಯವು ಬ್ರಯನನಿಗಿತ್ತು. ಪುಸ್ತಕದ ವರ್ಣಭೇದವನ್ನು ಅವನು ಖಂಡಿಸಿದನೆಂದಲ್ಲ. ಆ ವಿಷಯದಲ್ಲಿ ಅವನೂ ಶುದ್ಧನಲ್ಲ. ಆದರೆ 1906ರಲ್ಲಿ ಹಿಂದೂಸ್ಥಾನವನ್ನು ಸುತ್ತಿ, ಇಲ್ಲಿಯ ಬ್ರಿಟಿಷ್ ಆಳಿಕೆಯನ್ನು ಕಟುವಾಗಿ ಟೀಕಿಸಿ ಬರೆದವನು ಇದೇ ಬ್ರಯನ್. ನಿಸರ್ಗದ ವಿಷಯದಲ್ಲಿ ತಪ್ಪಿದವನು ಮನುಷ್ಯನ ವಿಷಯದಲ್ಲಿ ಆಲೋಚಿಸತಕ್ಕ ಪ್ರಶ್ನೆಯನ್ನು ಎತ್ತಿದ್ದನು. ನಾಟಕಕಾರರು ಆ ಪ್ರಶ್ನೆಯನ್ನು ಕಳಚಿ, ಅದರ ಸ್ಥಳದಲ್ಲಿ ಊಟದ ಆಶೆಯುಳ್ಳ, ಜಯಕಾರಕ್ಕೆ ಹಂಬಲಿಸುವ ಮುದುಕನನ್ನು ಇಟ್ಟಿರುವರು. ನಿಜವಾದ ಬ್ರಯನನು ಮೊಕದ್ದಮೆ ಮುಗಿದ ಐದು ದಿನಗಳ ಮೇಲೆ ನಿದ್ರೆಯಲ್ಲಿ ತೀರಿಕೊಂಡನು. ಬ್ರೇಡಿಯು ನ್ಯಾಯಾಲಯದಲ್ಲಿಯೇ, ಯಾರೂ ಕೇಳದ ಭಾಷಣದ ನಡುವೆ ಕುಸಿಯುವನು. ಸ್ಕೋಪ್ಸನನ್ನು ಯಾರೂ ಸೆರೆಮನೆಯಲ್ಲಿ ಇಟ್ಟಿರಲಿಲ್ಲ. ಕೇಟ್ಸನು ಸೆರೆಯಲ್ಲಿಯೇ ನಮಗೆ ಮೊದಲು ಕಾಣುವನು.

ನಾಟಕವು ಇತಿಹಾಸವಲ್ಲವೆಂದು ಕರ್ತೃಗಳೇ ಮುನ್ನುಡಿಯಲ್ಲಿ ಹೇಳಿರುವರಲ್ಲವೇ ಎಂದು ಕೇಳಬಹುದು. ಅವರ ಗುರಿಯು ಡೇಟನ್ ಆಗಿರದೆ, ವಿಚಾರಭೇದವನ್ನೇ ದ್ರೋಹವೆಂದು ಬೇಟೆಯಾಡಿದ 1950ರ ಸುಮಾರಿನ ಮೆಕಾರ್ಥಿಯ ಕಾಲವಾಗಿತ್ತು. ಕವಿಗೆ ಆ ಸ್ವಾತಂತ್ರ್ಯವುಂಟು. ಕಾಳಿದಾಸನು ಶಾಪವನ್ನು ತಂದು ದುಷ್ಯಂತನನ್ನು ಎತ್ತಿದನು. ಮೂಲವನ್ನು ಬದಲಿಸಿದುದಕ್ಕಾಗಿ ಅವನನ್ನು ಯಾರೂ ದೂರಲಿಲ್ಲ. ಆದರೆ ಬದಲಾವಣೆಯು ಪಾತ್ರವನ್ನು ಎತ್ತುವುದು ಬೇರೆ, ಎದುರಾಳಿಯನ್ನು ಕುಗ್ಗಿಸಿ ನಾಯಕನ ಕೆಲಸವನ್ನು ಹಗುರ ಮಾಡುವುದು ಬೇರೆ.

ಸ್ಕಾಟನ ಹಿರಿಮೆಯು ಈ ಕುಗ್ಗಿದ ಪಾತ್ರವನ್ನು ಅವನು ಕುಗ್ಗಿ ಆಡದಿರುವುದರಲ್ಲಿದೆ. 1960ರ ಚಿತ್ರದ ಫ್ರೆಡ್ರಿಕ್ ಮಾರ್ಚನ ಬ್ರೇಡಿಯಲ್ಲಿ ಹಾಸ್ಯವು ಮೊದಲು ಕಾಣುವುದು, ಕರುಣವು ಆಮೇಲೆ. ಸ್ಕಾಟನು ಕಟ್ಟೆಯಲ್ಲಿ ಕುಳಿತಾಗ ಕಾಣುವುದು ಪ್ರಶ್ನೆಗೆ ಹೆದರಿದ ಮೂಢನಲ್ಲ, ಪ್ರಶ್ನೆಯನ್ನು ಗುರುತು ಹಿಡಿದವನು. ಮೂರು ವರ್ಷಗಳ ಹಿಂದೆ ಆ ಪ್ರಶ್ನೆಗಳನ್ನು ಕೇಳಿದವನೇ ಅವನಲ್ಲವೇ! ಲೆಮನ್ನನೂ ಗೆದ್ದವನ ಉತ್ಸಾಹವನ್ನು ತೋರುವುದಿಲ್ಲ. ಇಬ್ಬರು ಹಳೆಯ ಸ್ನೇಹಿತರ ನಡುವಣ ದುಃಖವು ಆ ಮಾತುಗಳ ಕೆಳಗೆ ಹರಿಯುವುದು. ಆದರೂ ಬರೆದುಕೊಟ್ಟ ಮಾತನ್ನು ಮೀರಲು ನಟನಿಗೆ ಅಧಿಕಾರವಿಲ್ಲ. ನಮ್ಮ ಅರ್ಥಧಾರಿಗೆ ಕೊಟ್ಟಿರುವುದು ಪದ್ಯವೊಂದೇ, ಅರ್ಥವು ಅವನದು. ಸ್ಕಾಟನಿಗೆ ಆ ಸೌಲಭ್ಯವಿದ್ದಿದ್ದರೆ ಹಂಟರನ ಪುಸ್ತಕವನ್ನು ಕೈಯಲ್ಲಿ ಹಿಡಿದು ಎರಡು ಪ್ರಶ್ನೆಗಳನ್ನಾದರೂ ತಿರುಗಿ ಕೇಳುತ್ತಿದ್ದನು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅವನು ಕಾಲವಾದನು.

ನಾವು ಬ್ರೇಡಿಯ ಪಕ್ಷದವರೆಂದು ವಾಚಕರು ಎಣಿಸಬಾರದು. ನೂರು ಶ್ರುತಿಗಳು ಹೇಳಿದರೂ ಬೆಂಕಿಯು ತಣ್ಣಗಾಗದೆಂಬರ್ಥದ ಮಾತನ್ನು ಗೀತಾಭಾಷ್ಯದ ಕೊನೆಯಲ್ಲಿ ಶಂಕರರು ಬರೆದಿರುವರು. ಪ್ರತ್ಯಕ್ಷಾನುಮಾನಗಳ ವಿಷಯದಲ್ಲಿ ಆಗಮವನ್ನು ತಂದು ನಿಲ್ಲಿಸುವುದು ಆಗಮಕ್ಕೆ ಗೌರವವಲ್ಲ. ನಮ್ಮವರಲ್ಲಿ ಕೆಲವರು ಮತ್ಸ್ಯಕೂರ್ಮಾದಿ ಅವತಾರಗಳಲ್ಲಿ ಡಾರ್ವಿನ್ನನ ಕ್ರಮವನ್ನು ಕಂಡು ಹಿಗ್ಗುವುದೂ ಇದೇ ಪ್ರಮಾಣಸಂಕರವೇ. ಭಗವಂತನು ಮೀನಾದುದಕ್ಕೂ ಮೀನು ಮುಂದೆ ಮತ್ತೊಂದಾದುದಕ್ಕೂ ಏನು ಸಂಬಂಧ? (ವಿಕಾಸವಾದವನ್ನು ಪರಿಣಾಮವಾದವೆಂದು ಅನುವಾದಿಸುವುದನ್ನೂ ಬಿಡುವುದೊಳ್ಳೆಯದು, ಅದು ಸಾಂಖ್ಯರ ಸ್ವತ್ತು.)

ಈ ನಾಟಕವು ನಮಗೆ ದೂರದ್ದೆಂದು ತೋರಬಹುದು. 2023ರಲ್ಲಿ ರಾಷ್ಟ್ರೀಯ ಶೈಕ್ಷಣಿಕ ಪರಿಷತ್ತು ಹತ್ತನೆಯ ತರಗತಿಯ ವಿಜ್ಞಾನಪುಸ್ತಕದ ‘ಅನುವಂಶೀಯತೆ ಮತ್ತು ವಿಕಾಸ’ವೆಂಬ ಅಧ್ಯಾಯದಿಂದ ವಿಕಾಸವನ್ನು ತೆಗೆದು ಅನುವಂಶೀಯತೆಯನ್ನು ಮಾತ್ರ ಉಳಿಸಿತು. ಮಕ್ಕಳ ಹೊರೆಯನ್ನು ಇಳಿಸುವುದಕ್ಕಾಗಿ ಎಂದು ಕಾರಣ ಹೇಳಿದರು. ಹನ್ನೆರಡನೆಯ ತರಗತಿಯಲ್ಲಿ ಜೀವಶಾಸ್ತ್ರವನ್ನು ಆರಿಸಿಕೊಂಡವರಿಗೆ ಮಾತ್ರ ಆ ಪಾಠವು ಸಿಕ್ಕುವುದು. ಸಾವಿರದೆಂಟುನೂರಕ್ಕೂ ಹೆಚ್ಚು ವಿಜ್ಞಾನಿಗಳು, ಉಪಾಧ್ಯಾಯರು ಆಕ್ಷೇಪಿಸಿ ಬಹಿರಂಗಪತ್ರ ಬರೆದರು. ಡೇಟನ್ನಿನಲ್ಲಿ ಪೂರ್ವಪಕ್ಷವು ಸಭೆಯ ಮುಂದೆ ನಿಂತು ತನ್ನ ಮಾತನ್ನು ಹೇಳಿ ಸೋತಿತು ಅಥವಾ ಗೆದ್ದಿತು. ಇಲ್ಲಿ ಬ್ರೇಡಿಯೂ ಬರಲಿಲ್ಲ, ಡ್ರಮ್ಮಂಡನೂ ಬರಲಿಲ್ಲ, ಪುಟಗಳು ಮಾತ್ರ ಹೋದುವು. ಜಲ್ಪಕ್ಕಿಂತ ಕೆಳಗಿನ ಈ ಮೌನಕ್ಕೆ ಶಾಸ್ತ್ರದಲ್ಲಿ ಹೆಸರಿಲ್ಲ.

ನಾಟಕದ ಕೊನೆಯಲ್ಲಿ ಡ್ರಮ್ಮಂಡನು ಒಂದು ಕೈಯಲ್ಲಿ ಬೈಬಲ್ಲನ್ನೂ ಇನ್ನೊಂದರಲ್ಲಿ ಡಾರ್ವಿನ್ನನ ಗ್ರಂಥವನ್ನೂ ತೂಗಿ ನೋಡಿ, ಎರಡನ್ನೂ ಒಂದೇ ಚೀಲಕ್ಕೆ ಹಾಕಿಕೊಂಡು ಹೊರಡುವನು. ಮಾತಿಲ್ಲದ ಈ ಕ್ರಿಯೆಯಲ್ಲಿ ಇಡೀ ನಾಟಕದಲ್ಲಿಲ್ಲದ ಧ್ವನಿಯಿದೆ. ಇದನ್ನು ಕನ್ನಡಕ್ಕೆ ತರಲು ಯಾರಾದರೂ ಮನಸ್ಸು ಮಾಡಿದರೆ, ಏಳನೆಯ ದಿನದ ವಿಚಾರಣೆಯ ಲಿಖಿತವನ್ನೂ ಹಂಟರನ ಪುಸ್ತಕವನ್ನೂ ಬಳಿಯಲ್ಲಿಟ್ಟುಕೊಂಡು ಬ್ರೇಡಿಯ ಮಾತನ್ನು ಹೊಸದಾಗಿ ಬರೆಯಲಿ. ಆ ಪಾತ್ರವನ್ನು ಕೇಳಿ ತೆಗೆದುಕೊಳ್ಳುವವರು ನಮ್ಮ ಮೂರು ತಾಲೂಕುಗಳಲ್ಲಿ ಬೇಕಾದಷ್ಟು ಜನರಿರುವರು.