ಜೋಡಿಗೆರೆಯ ಆಯತದಲ್ಲಿ ಕೌಲು ರೈತ

ಡೇಟಾಬೇಸ್ ಪಾಠ ಶುರುವಾಗುವುದೇ ಪೆನ್ಸಿಲಿನಿಂದ. ಒಂದು ಆಯತ ಬರೆದು ಒಳಗೆ ‘ವಿದ್ಯಾರ್ಥಿ’ ಎನ್ನಬೇಕು, ಇನ್ನೊಂದಕ್ಕೆ ‘ಕೋರ್ಸ್’, ನಡುವಿನ ವಜ್ರಾಕೃತಿಯಲ್ಲಿ ‘ಸೇರಿದ್ದಾನೆ’. ಆಯತದಲ್ಲಿರುವುದು ಎಂಟಿಟಿ, ವಜ್ರಾಕೃತಿಯಲ್ಲಿರುವುದು ಸಂಬಂಧ. ಎರಡೂ ಸೇರಿದರೆ ಇ-ಆರ್ ಡಯಾಗ್ರಾಮು. ಪೀಟರ್ ಚೆನ್ 1976ರ ಮಾರ್ಚ್‌ನಲ್ಲಿ ಪ್ರಕಟಿಸಿದ ಲೇಖನದಿಂದ ಹುಟ್ಟಿದ ಈ ಪದ್ಧತಿ ಬಿಸಿಎ, ಎಂಜಿನಿಯರಿಂಗ್ ಪಠ್ಯಗಳಿಂದ ಇಂದಿಗೂ ಕದಲಿಲ್ಲ. ಕದಲದಿರಲು ಕಾರಣವೂ ಇದೆ. ಪ್ರೋಗ್ರಾಮಿನ ಗಂಧಗಾಳಿ ಇಲ್ಲದವರ ಮುಂದೆಯೂ ಈ ಚಿತ್ರ ಇಟ್ಟು “ಹೀಗೇ ತಾನೆ?” ಎಂದು ಕೇಳಬಹುದು. ಆದರೆ ನಮ್ಮ ಪಠ್ಯಗಳು ಕಾಲೇಜು, ಲೈಬ್ರರಿ, ಬ್ಯಾಂಕು ಎಂಬ ಉದಾಹರಣೆಗಳನ್ನು ಬಿಟ್ಟು ಆಚೆ ಬರುವುದೇ ಇಲ್ಲ. ಅಲ್ಲಿ ಎಲ್ಲರಿಗೂ ಆಗಲೇ ನಂಬರು ಕೊಟ್ಟಾಗಿರುತ್ತದೆ, ಕಷ್ಟದ ಕೆಲಸ ಯಾರೋ ಮುಗಿಸಿಟ್ಟಿರುತ್ತಾರೆ. ಪದ್ಧತಿಯ ತಾಕತ್ತು ನೋಡಬೇಕಾದರೆ ಕರ್ನೂಲು ಜಿಲ್ಲೆಯ ಪಶ್ಚಿಮದ ಮಳೆಯಾಶ್ರಿತ ಹೊಲಕ್ಕೆ ಇಳಿಯಬೇಕು. ದೇವನಕೊಂಡದ ಹೊಲವನ್ನೇ ತೆಗೆದುಕೊಳ್ಳೋಣ.

ಈ ಸೀಮೆಗೆ ಇಂಥ ಚಿತ್ರವನ್ನು ಮೊದಲು ಹಾಕಿಕೊಟ್ಟವನು ಥಾಮಸ್ ಮನ್ರೋ ಎನ್ನಬಹುದು. ನಿಜಾಮ 1800ರಲ್ಲಿ ಕಂಪನಿಗೆ ಬಿಟ್ಟುಕೊಟ್ಟ ದತ್ತ ಮಂಡಲಗಳಿಗೆ ಆತ 1807ರವರೆಗೆ ಮುಖ್ಯ ಕಲೆಕ್ಟರ್. 33 ಅಡಿಯ ಸರಪಳಿಯಿಂದ ಹೊಲಗಳನ್ನು ಒಂದೊಂದಾಗಿ ಅಳೆಸಿದ, ನಂಬರು ಹಾಕಿಸಿದ, ರೈತನಿಗೂ ಸರ್ಕಾರಕ್ಕೂ ನೇರ ಲೆಕ್ಕ ಎಂದ. ಮುಂದೆ ಮದರಾಸಿನ ಗವರ್ನರ್ ಆಗಿ ಇದೇ ಸೀಮೆಗೆ ಪ್ರವಾಸ ಬಂದವನು 1827ರ ಜುಲೈ 6ರಂದು ದೇವನಕೊಂಡದ ಪಕ್ಕದ ಪತ್ತಿಕೊಂಡದಲ್ಲಿ ಕಾಲರಾ ತಗುಲಿ ತೀರಿಕೊಂಡ. ಹೊಲ, ಪಟ್ಟಾದಾರ, ನಡುವೆ ಒಂದು ಗೆರೆ. ಆ ವಿನ್ಯಾಸ ಅವನ ನಂತರವೂ ಉಳಿಯಿತು. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆ ಬಿಟ್ಟು ಆಂಧ್ರಕ್ಕೆ ಹೋದಾಗಲೂ ಉಳಿಯಿತು. 2015ರಲ್ಲಿ ಆಂಧ್ರದ ಭೂದಾಖಲೆಗಳ ಜಾಲತಾಣ ‘ಮೀ ಭೂಮಿ’ ಬಂದು ಅಡಂಗಲ್, ಅಂದರೆ ಅಲ್ಲಿನ ಪಹಣಿ, ಫೋನಿನಲ್ಲೇ ಸಿಗುವಂತಾದ ಮೇಲೂ ಒಳಗಿರುವ ಅಸ್ಥಿಪಂಜರ ಹೆಚ್ಚುಕಡಿಮೆ ಅದೇ.

ಮೊದಲ ತೊಡಕು ಹೆಸರಿನದು. ಊಹೆಗೆ ಒಬ್ಬ ರೈತನನ್ನು ಇಟ್ಟುಕೊಳ್ಳೋಣ. ಅಡಂಗಲ್‌ನಲ್ಲಿ ಅವನು ‘ಕುರುವ ಈರನ್ನ’, ಆಧಾರ್‌ನಲ್ಲಿ ‘ಕುರುವ ವೀರನ್ನ’, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ‘ಕೆ. ಈರನ್ನ’. ಸಿರುಗುಪ್ಪ ಕಡೆ ತಾಯಿಯ ಪಾಲಿಗೆ ಬಂದ ತುಂಡು ಹೊಲದ ಪಹಣಿಯಲ್ಲಿ ‘ಈರಣ್ಣ’, ತಂದೆ ಹನುಮಂತಪ್ಪನ ಹೆಸರಿನೊಂದಿಗೆ. ಕಂಪ್ಯೂಟರಿನ ಪಾಲಿಗೆ ನಾಲ್ವರು, ಊರಿನವರಿಗೆ ಒಬ್ಬ. ಅದೇ ಊರಿನಲ್ಲಿ ‘ಕುರುವ ಈರನ್ನ’ ಎಂಬ ಇನ್ನೊಬ್ಬನೂ ಇರಬಹುದು, ಅವನ ತಂದೆಯ ಹೆಸರೂ ಹನುಮಂತಪ್ಪನೇ ಆಗಿರಬಹುದು. ಚೆನ್ ಲೇಖನ ಬಂದ ಎರಡೇ ವರ್ಷಕ್ಕೆ ವಿಲಿಯಂ ಕೆಂಟ್ ‘ಡೇಟಾ ಅಂಡ್ ರಿಯಾಲಿಟಿ’ ಎಂಬ ಪುಸ್ತಕದಲ್ಲಿ ಎತ್ತಿದ ತಕರಾರು ಇದೇ: ಯಾವುದು ‘ಒಂದು’ ಎಂದು ತೀರ್ಮಾನವಾಗುವ ಮೊದಲೇ ಆಯತ ಬರೆದುಬಿಡುತ್ತೇವೆ. ನಮ್ಮ ಕ್ಲಾಸುಗಳಲ್ಲಿ ಚೆನ್ ಇದ್ದಾನೆ, ಕೆಂಟ್ ಇಲ್ಲ. ಈ ಪಠ್ಯಕ್ರಮದ ದೊಡ್ಡ ಕೊರತೆ ಇದು ಎಂಬುದು ನನ್ನ ಅಭಿಪ್ರಾಯ.

‘ಒಂದು ಹೊಲ’ ಎಂಬುದೂ ಅಷ್ಟು ಸಲೀಸಲ್ಲ. ಆಂಧ್ರದಲ್ಲಿ 2020ರ ಡಿಸೆಂಬರ್‌ನಲ್ಲಿ ಶುರುವಾದ ಮರುಸರ್ವೆಯಲ್ಲಿ ಹಳೆಯ ಸರ್ವೆ ನಂಬರಿನ ಜಾಗಕ್ಕೆ ಎಲ್‌ಪಿಎಂ (ಲ್ಯಾಂಡ್ ಪಾರ್ಸೆಲ್ ಮ್ಯಾಪ್) ನಂಬರು ಬಂತು. ಡ್ರೋನ್ ಹಾರಿತು, ಅಳತೆ ಹೊಸದಾಯಿತು. ಆದರೆ ರಾಜ್ಯದ ಎಷ್ಟೋ ಊರುಗಳಲ್ಲಿ ಹಲವರ ತುಂಡುಗಳು ಸೇರಿ ಜಂಟಿ ಎಲ್‌ಪಿಎಂ ಆದವು. ಬದುವಿನ ಆಚೆ ತಮ್ಮ, ಈಚೆ ಅಣ್ಣ ಬಿತ್ತುತ್ತಿದ್ದರೂ ದಾಖಲೆಯಲ್ಲಿ ಹೊಲ ಒಂದೇ. ಮಾರಬೇಕಾದರೆ, ಸಾಲ ಎತ್ತಬೇಕಾದರೆ ಮೊದಲು ಬೇರ್ಪಡಿಸಿಕೊಂಡು ಬಾ ಎಂಬ ಮಾತು. ಸರಪಳಿಯ ಜಾಗಕ್ಕೆ ಉಪಗ್ರಹ ಬಂದರೂ ಒಂದಕ್ಕೆ ಒಂದೋ, ಒಂದಕ್ಕೆ ಹಲವೋ ಎಂಬ ಪ್ರಶ್ನೆಯನ್ನು ಬದುವಿನ ಮೇಲೆ ನಿಂತು ಕೇಳಲೇಬೇಕು. ಇ-ಆರ್ ಚಿತ್ರದ ನಿಜವಾದ ಉಪಯೋಗ ಇರುವುದು ಇಲ್ಲೇ. ಗೆರೆಯ ತುದಿಯಲ್ಲಿ ಒಂದೋ ಹಲವೋ ಎಂದು ಬರೆಯದೆ ಚಿತ್ರ ಮುಗಿಯುವುದಿಲ್ಲ. ಕೇಳದೆ ಬರೆದರೆ ಮಾತ್ರ ತಪ್ಪೂ ಅಷ್ಟೇ ಅಂದವಾಗಿ ಕಾಣುತ್ತದೆ.

ಹಾಗೆಂದು ಚಿತ್ರದಿಂದ ಎಲ್ಲವನ್ನೂ ನಿರೀಕ್ಷಿಸುವುದು ನ್ಯಾಯವಲ್ಲ. ಮುಂಗಾರಿನ ಮೊದಲ ಮಳೆ ಬಿದ್ದರೆ ತುಗ್ಗಲಿ, ಜೊನ್ನಗಿರಿ ಕಡೆಯ ಹೊಲಗಳಲ್ಲಿ ವಜ್ರ ಹುಡುಕುವವರು ಸಾಲುಗಟ್ಟುತ್ತಾರೆ, ಬಳ್ಳಾರಿ ಕಡೆಯಿಂದಲೂ ಜನ ಬರುತ್ತಾರೆ. ಬಿತ್ತನೆಗೆ ಹದ ಮಾಡಿದ ಹೊಲ ತುಳಿದರೆಂದು ರೈತ ಬೈಯುತ್ತಾನೆ. ಸಿಕ್ಕ ಕಲ್ಲು ಕಂಡವನದೋ, ಹೊಲದವನದೋ, ಸರ್ಕಾರದ್ದೋ? ಅಡಂಗಲ್‌ನಲ್ಲಿ ಇದಕ್ಕೆ ಅಂಕಣವಿಲ್ಲ, ಇರಬೇಕೆಂದೂ ನಾನು ವಾದಿಸುವುದಿಲ್ಲ. ವಜ್ರ ಹುಡುಕುವವನು ಮಳೆ ನಿಂತ ಮೇಲೆ ಹೊರಟುಹೋಗುತ್ತಾನೆ.

ಇನ್ನೊಬ್ಬರ ಹೊಲವನ್ನು ಗೇಣಿಗೆ ಮಾಡುವ ಕೌಲು ರೈತ ಹೋಗುವುದಿಲ್ಲ. ಊರಿನ ಮಾತಿನಲ್ಲಿ ಅವನಿಗೂ ಹೊಲಕ್ಕೂ ಇರುವ ಸಂಬಂಧಗಳು ಹಲವು: ಕೌಲಿಗೆ ಹಿಡಿಯುವುದು, ಕೋರಿಗೆ (ಬೆಳೆಯ ಪಾಲಿಗೆ) ಮಾಡುವುದು, ಸಾಲದ ಮೇಲೆ ಭೋಗ್ಯಕ್ಕೆ ಇಟ್ಟುಕೊಳ್ಳುವುದು. ಹಣ ಮುಂಚೆಯೋ ಆಮೇಲೋ, ಬೆಳೆ ಹಾಳಾದರೆ ನಷ್ಟ ಯಾರ ತಲೆಗೆ ಎಂಬುದು ಒಂದೊಂದರಲ್ಲಿ ಒಂದೊಂದು ರೀತಿ. ಅಮೆರಿಕದ ಕಾರ್ನೆಲ್‌ನಲ್ಲಿ ಜೋಸೆಫ್ ನೊವಾಕ್ 1972ರ ಸುಮಾರಿಗೆ ರೂಪಿಸಿದ ಪರಿಕಲ್ಪನಾ ನಕ್ಷೆಯಲ್ಲಿ ಗೆರೆಯ ಮೇಲೆ ಸಂಬಂಧ ಹೇಳುವ ಪದ ಬರೆಯುವುದು ಕಡ್ಡಾಯ, ಬರೆಯದ ಗೆರೆಗೆ ಅರ್ಥವಿಲ್ಲ. ಆ ಶಿಸ್ತು ಕಂದಾಯದ ಲೆಕ್ಕಕ್ಕೆ ಬಂದಿದ್ದರೆ ಚೆನ್ನಾಗಿತ್ತು. ಬಂದದ್ದು ಒಂದೇ ಅಂಕಣ, ‘ಅನುಭವದಾರ’. ಕರ್ನಾಟಕದ ಪಹಣಿಯ ಕಲಂ 12 ಇದರ ದಾಯಾದಿ. 1974ರಲ್ಲಿ ಗೇಣಿಯನ್ನೇ ನಿಷೇಧಿಸಿದ ನಮ್ಮಲ್ಲಿ ಸಾಗುವಳಿದಾರನ ಆ ಜಾಗದಲ್ಲೂ ಸಾಮಾನ್ಯವಾಗಿ ಮಾಲೀಕನೇ ಕೂತಿರುತ್ತಾನೆ. ಆಂಧ್ರವನ್ನು ನೋಡಿ ನಗಲು ನಮಗೆ ಬಾಯಿಲ್ಲ.

ಆಂಧ್ರ 2011ರ ಕಾಯ್ದೆಯಲ್ಲಿ ಕೌಲುದಾರನಿಗೆ ಸಾಲದ ಅರ್ಹತಾ ಕಾರ್ಡು ಕೊಟ್ಟಿತು, ಗ್ರಾಮಸಭೆಯಲ್ಲಿ ವಿಚಾರಿಸಿ ಕೊಡುವ ಏರ್ಪಾಟು ಅದು. 2019ರ ಬೆಳೆ ಸಾಗುವಳಿದಾರರ ಹಕ್ಕುಗಳ ಕಾಯ್ದೆ ಅದನ್ನು ಬದಲಿಸಿತು. ಈಗ ಕಾರ್ಡಿಗೆ 11 ತಿಂಗಳ ಒಪ್ಪಂದ ಬೇಕು, ಅದಕ್ಕೆ ಮಾಲೀಕನ ಸಹಿ. ಜಮೀನು ಕೈತಪ್ಪೀತು ಎಂಬ ಭಯಕ್ಕೆ ಸಹಿ ಹಾಕದವರೇ ಹೆಚ್ಚು. ಚೆನ್ ಪದ್ಧತಿಯಲ್ಲಿ ಇದಕ್ಕೆ ಕರಾರುವಾಕ್ಕಾದ ಚಿಹ್ನೆಯೊಂದಿದೆ, ಜೋಡಿಗೆರೆಯ ಆಯತ. ಇನ್ನೊಬ್ಬರಿಲ್ಲದೆ ಅಸ್ತಿತ್ವವೇ ಇಲ್ಲದ ‘ದುರ್ಬಲ ಎಂಟಿಟಿ’ಗೆ ಅದು ಮೀಸಲು. ಮೂಲ ಲೇಖನದ ಉದಾಹರಣೆ ನೌಕರನ ಅವಲಂಬಿತರದು: ನೌಕರನ ಹೆಸರು ತೆಗೆದರೆ ಅವಲಂಬಿತರೂ ದಾಖಲೆಯಿಂದ ಹೋಗುತ್ತಾರೆ. ಗೇಯುವವನನ್ನು, ಬೀಜ ಗೊಬ್ಬರಕ್ಕೆ ಸಾಲ ಎತ್ತಿದವನನ್ನು, ಮಳೆ ಕೈಕೊಟ್ಟರೆ ಮುಳುಗುವವನನ್ನು ಕಾನೂನು ಆ ಆಯತದಲ್ಲಿ ಕೂರಿಸಿದೆ. ಕಾಯ್ದೆಯ ಪುಟಗಳಲ್ಲಿ ಇದು ತಟ್ಟನೆ ಕಾಣುವುದಿಲ್ಲ, ಚಿತ್ರ ಬರೆದರೆ ಎದ್ದು ಕಾಣುತ್ತದೆ. ಪದ್ಧತಿಯ ಬಗ್ಗೆ ಇಷ್ಟು ಕೊಂಕು ತೆಗೆದ ಮೇಲೂ ಅದನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲದಿರುವುದು ಇದಕ್ಕೇ.

ಬೇರೆ ಚಿತ್ರ ಬರೆಯುವುದು ಅಸಾಧ್ಯವೇನಲ್ಲ. ವಜ್ರಾಕೃತಿಗೂ ತನ್ನದೇ ಗುಣಲಕ್ಷಣಗಳಿರಬಹುದು ಎಂದು ಚೆನ್ 1976ರಲ್ಲೇ ಹೇಳಿದ್ದ. ‘ಸಾಗುವಳಿ’ ಎಂಬ ವಜ್ರಾಕೃತಿ ಬರೆದು, ಅದಕ್ಕೆ ಹಂಗಾಮು, ಬೆಳೆ, ವಿಸ್ತೀರ್ಣ, ಕೌಲೋ ಕೋರೋ ಎಂಬುದನ್ನು ಅಂಟಿಸಬೇಕು. ಇದರ ಬಹುಪಾಲು ಮಾಹಿತಿಯನ್ನು ಆಂಧ್ರದ ಇ-ಕ್ರಾಪ್ ನೋಂದಣಿ ಹಂಗಾಮಿಗೊಮ್ಮೆ ಹೊಲದಲ್ಲಿ ಫೋಟೋ ತೆಗೆದು ಆಗಲೇ ಕೂಡಿಸುತ್ತಿದೆ. ಹಾಗೆ ಬರೆದಾಗ ಮಾಲೀಕನ ಸಹಿಯೂ ಆ ಗುಣಲಕ್ಷಣಗಳಲ್ಲಿ ಒಂದು. ಸಹಿ ಇದ್ದರೆ ‘ಹೌದು’, ಇಲ್ಲದಿದ್ದರೆ ‘ಇಲ್ಲ’. ರೈತನ ಸಾಲು ಎರಡೂ ಸಂದರ್ಭದಲ್ಲಿ ಟೇಬಲ್ಲಿನಲ್ಲಿ ಇರುತ್ತದೆ. 11 ತಿಂಗಳ ಕಾರ್ಡಿನ ವಿನ್ಯಾಸದಲ್ಲಿ ಸಹಿ ಇಲ್ಲದಿದ್ದರೆ ಆ ಸಾಲು ಹುಟ್ಟುವುದೇ ಇಲ್ಲ.