ಬಾವಲಿಗೆ ರಕ್ಷಣೆ, ಮರಕ್ಕಿಲ್ಲ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಣ್ಣುತಿನ್ನುವ ಬಾವಲಿಗಳನ್ನು ಐದನೇ ಅನುಸೂಚಿಯಲ್ಲಿ ಕಾಗೆ, ಇಲಿಗಳ ಸಾಲಿಗೆ ಸೇರಿಸಿತ್ತು. ಕೊಂದರೆ ಕೇಳುವವರಿರಲಿಲ್ಲ. 2022ರ ತಿದ್ದುಪಡಿ ಆ ಪಟ್ಟಿಯನ್ನೇ ಕಿತ್ತುಹಾಕಿ, ದೊಡ್ಡ ತೊಗಲುಬಾವಲಿಯನ್ನು ಎರಡನೇ ಅನುಸೂಚಿಗೆ ತಂದಿತು. ಹಳೆಯ ಪಟ್ಟಿ ತೋಟದ ನಷ್ಟವನ್ನಷ್ಟೇ ನೋಡಿತ್ತು, ಸಂತಾನದ ಲೆಕ್ಕವನ್ನಲ್ಲ. ಇಲಿಗೆ ಕೆಲವೇ ತಿಂಗಳುಗಳಲ್ಲಿ ಹತ್ತಾರು ಮರಿಗಳಾಗುತ್ತವೆ. ಬಾವಲಿ ಸಾಮಾನ್ಯವಾಗಿ ವರ್ಷಕ್ಕೆ ಹಾಕುವುದು ಒಂದೇ ಮರಿ. ಈ ಲೆಕ್ಕ ತಪ್ಪಿದರೆ ಏನಾಗುತ್ತದೆಂದು ಮಾರಿಷಸ್ ತೋರಿಸಿದೆ. ಲಿಚಿ, ಮಾವು ಬೆಳೆಗಾರರ ಒತ್ತಡಕ್ಕೆ ಮಣಿದ ಅಲ್ಲಿನ ಸರ್ಕಾರ 2015ರಲ್ಲಿ ಸುಮಾರು 30,000 ಬಾವಲಿಗಳನ್ನು ಕೊಲ್ಲಿಸಿತು. 2016, 2018ರಲ್ಲಿ ಮತ್ತೆ. 2018ರಲ್ಲೇ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಆ ಪ್ರಭೇದವನ್ನು ಅಳಿವಿನಂಚಿನದೆಂದು ಘೋಷಿಸಿತು. ಡೋಡೊ, ದೈತ್ಯ ಆಮೆಗಳು ಎಂದೋ ಹೋದ ಆ ದ್ವೀಪದಲ್ಲಿ ದೊಡ್ಡ ಬೀಜಗಳನ್ನು ದೂರ ಒಯ್ಯಲು ಉಳಿದಿರುವುದು ಹೆಚ್ಚುಕಡಿಮೆ ಈ ಬಾವಲಿಯೇ.

ಸೀಬೆ, ಸಪೋಟ, ಮಾವು ಬೆಳೆದವರ ನಷ್ಟ ಕಟ್ಟುಕತೆಯೇ ಎಂದು ಕೇಳಬಹುದು. ಅಲ್ಲ. ರಸ ಹೀರಿ ಉಗುಳಿದ ಚರಟ ಮರದಡಿಯಲ್ಲೇ ಬಿದ್ದಿರುತ್ತದೆ. ಆದರೆ ಮರಕ್ಕೆ ಬಲೆ ಹೊದಿಸಿದರೆ ಹಣ್ಣು ಉಳಿಯುತ್ತದೆ. ಬಾವಲಿಯನ್ನು ಕೊಂದರೆ ನಾಳೆ ರಾತ್ರಿ ಇನ್ನೊಂದು ಬರುತ್ತದೆ. ಬಲೆಗೆ ಸಹಾಯಧನ ಬೇಕೆಂದು ರೈತರು ಕೇಳಿದರೆ ಅದು ನ್ಯಾಯ. ನಿಪಾ ವೈರಾಣುವಿನ ಭಯ ಇನ್ನೂ ಗಟ್ಟಿ ಆಕ್ಷೇಪ. 2018ರಲ್ಲಿ ಕೋಳಿಕ್ಕೋಡಿನಲ್ಲಿ ಜನ ಸತ್ತದ್ದು ನಿಜ, ನಮ್ಮ ದೊಡ್ಡ ತೊಗಲುಬಾವಲಿ ಆ ವೈರಾಣುವಿನ ಆಶ್ರಯವೆಂಬುದೂ ನಿಜ. ಅದಕ್ಕೇ ಕಚ್ಚಿದ ಹಣ್ಣನ್ನು ಮುಟ್ಟಬಾರದು, ತೆರೆದ ಮಡಕೆಯ ನೀರಾ ಕುಡಿಯಬಾರದು. ಹಿಂಡನ್ನು ಬೆದರಿಸಿ ಚದುರಿಸುವುದು ಮಾತ್ರ ರೋಗವನ್ನೇ ಊರೂರಿಗೆ ಹಂಚುವ ಅಪಾಯ.

ಹೀಗಾಗಿ ತಿದ್ದುಪಡಿಯನ್ನು ಮೆಚ್ಚುತ್ತೇನೆ, ಅರ್ಧ ಮನಸ್ಸಿನಿಂದ. ಕಾಯ್ದೆಯಲ್ಲಿ ಬೇಟೆಯ ವ್ಯಾಖ್ಯೆ ಹಕ್ಕಿ, ಸರೀಸೃಪಗಳ ಮೊಟ್ಟೆ–ಗೂಡುಗಳನ್ನೂ ಒಳಗೊಳ್ಳುತ್ತದೆ. ಬಾವಲಿ ಹಗಲೆಲ್ಲ ಜೋತುಬೀಳುವ ಆಲ, ಅತ್ತಿ, ಹಿಪ್ಪೆಗಳ ಪ್ರಸ್ತಾಪ ಅಲ್ಲಿಲ್ಲ. ಬೆಂಗಳೂರಿನ ಅಂಚಿನ ಚಿಕ್ಕಬಾಣಾವರದಂಥ ಊರಿಗೆ ಇದು ಪುಸ್ತಕದ ಮಾತಲ್ಲ. ಪೀಣ್ಯದ ಕಾರ್ಖಾನೆಗಳು ಒಂದು ಕಡೆಯಿಂದ, ಬಡಾವಣೆಗಳು ಇನ್ನೊಂದು ಕಡೆಯಿಂದ ಒತ್ತರಿಸುತ್ತಿವೆ. ಬೈಯಪ್ಪನಹಳ್ಳಿ–ಚಿಕ್ಕಬಾಣಾವರ ಉಪನಗರ ರೈಲು ಮಾರ್ಗವೂ ಸೇರಿಕೊಂಡಿದೆ. ಬಾವಲಿಯ ಮೈಮುಟ್ಟಿದವನ ಮೇಲೆ ಮೊಕದ್ದಮೆ ಹೂಡಬಹುದು. ಅದು ನೇತಾಡುವ ಆಲವನ್ನು ಕಡಿಯಬೇಕಾದವರಿಗೆ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷಾಧಿಕಾರಿಯ ಅನುಮತಿ ಸಾಕು.